ಹಳದಿ ಅಗ್ನಿಶಿಖೆ ಕೆಂಪಾಗಿದ್ದು ಯಾಕೆ? ಬಣ್ಣಬಣ್ಣದ ಗೌರಿಹೂ ಬೆಳೆಯುವವರಿಗೆ ದೋಷ ನಿವಾರಣೆ ಕೈಪಿಡಿ

ಅಗ್ನಿಶಿಖೆ ಬಳ್ಳಿಯಲ್ಲಿ ಏನೋ ಸರಿಯಿಲ್ಲ ಅನ್ನಿಸಿದರೆ ಮೊದಲು ನೀರು ಹಾಕುವುದನ್ನು ನಿಲ್ಲಿಸಿ. ಆಮೇಲೆ ಮುಂದಕ್ಕೆ ಓದಿ. ಗಿಡಕ್ಕೆ ಏನೇ ಆಗಲಿ, ನಮ್ಮ ಕೈಗೆ ಮೊದಲು ಬರುವುದು ನೀರಿನ ಪೈಪು. ಅದರಿಂದ ಆಗಲಿಲ್ಲ ಅಂದರೆ ಗೊಬ್ಬರದ ಚೀಲ. ಈ ಗಿಡಕ್ಕೆ ಎರಡೂ ಆತುರದ ಔಷಧಿಗಳೇ. ಗೆಡ್ಡೆ ಹೇಗಿದೆ, ಈಗ ಯಾವ ತಿಂಗಳು, ಹೂ ಅರಳಿ ಎಷ್ಟು ದಿವಸ ಆಯ್ತು? ಈ ಮೂರು ಗೊತ್ತಾದರೆ ಹೆಚ್ಚಿನ ದೋಷಗಳ ಬೇರು ಸಿಕ್ಕಿಬಿಡುತ್ತದೆ.

ಗೌರಿಹಬ್ಬದ ಆಸುಪಾಸಿನಲ್ಲಿ ಬೇಲಿ ಮೇಲೆ ಅರಳುವ ಹೂವಾದ್ದರಿಂದ ಇದಕ್ಕೆ ಗೌರಿಹೂ ಅಂತಲೂ ಹೆಸರಿದೆ. ಶಾಸ್ತ್ರೀಯ ಹೆಸರು ಗ್ಲೋರಿಯೋಸಾ ಸುಪರ್ಬಾ. ಪಕ್ಕದ ತಮಿಳುನಾಡಿಗೆ ಇದು ರಾಜ್ಯದ ಹೂ, ದೂರದ ಜಿಂಬಾಬ್ವೆಗೆ ರಾಷ್ಟ್ರದ ಹೂ. ಬೇಲಿಯ ಕೆಂಪು ಹಳದಿ ಹೂವನ್ನು ನೋಡದವರು ಕಡಿಮೆ. ಈಗ ಮೈಸೂರು, ಮಂಡ್ಯದ ಕೈತೋಟದವರು ಹುಡುಕುತ್ತಿರುವುದು ಅಪರೂಪದ ಬಣ್ಣಗಳನ್ನು. ಅಪ್ಪಟ ಹಳದಿಯ ಲುಟಿಯಾ ಇದೆ. ನಿಂಬೆ ಹಳದಿಯ ಮೇಲೆ ಕಡುಗೆಂಪು ಛಾಯೆ ಇರುವ ಸಿಟ್ರಿನಾ ಇದೆ. ಅಗಲವಾದ ಕೆಂಪು ಎಸಳಿಗೆ ಹಳದಿ ಅಂಚು ಕಟ್ಟಿದ ರಾಥ್‌ಚೈಲ್ಡಿಯಾನಾ ಇದೆ. ದ್ರಾಕ್ಷಿರಸದ ಬಣ್ಣದ ಕಾರ್ಸೋನಿ ಕೂಡ ಅಲ್ಲಲ್ಲಿ ಸಿಗುತ್ತದೆ.

ನೀವು ನೆಟ್ಟಿದ್ದು ವತ್ಸನಾಭವೇ?

ಹಾಗಿದ್ದರೆ ದೋಷ ಹುಡುಕುವ ಕೆಲಸ ಇಲ್ಲಿಗೇ ಮುಗಿಯಿತು. ವಿದೇಶಿ ತೋಟಗಳ ಚಿತ್ರ ನೋಡಿ ಕೆಲವರು ದಂತದ ಬಿಳಿ, ತಿಳಿ ಗುಲಾಬಿ, ನೀಲಿ ಬಿಳಿ ಬೆರೆತ ಹೂವಿನ ವತ್ಸನಾಭದ (ಇದೂ ವಿಷಗೆಡ್ಡೆಯ ಹೂಗಿಡವೇ, ಇಂಗ್ಲಿಷಿನಲ್ಲಿ ಅಕೋನೈಟ್) ಬೀಜ ತರಿಸುತ್ತಾರೆ. ಆದರೆ ಅದು ತಂಪು ನಾಡಿನ ಗಿಡ. ನಮ್ಮ ದೇಶದಲ್ಲಿ ಅದರ ಊರು ಹಿಮಾಲಯದ ಎತ್ತರದ ಇಳಿಜಾರು. ಅದರ ಬೀಜ ಮೊಳೆಯುವುದಕ್ಕೇ ವಾರಗಟ್ಟಲೆ ಚಳಿ ಬೇಕು, ಗೆಡ್ಡೆಗೂ ಪ್ರತಿ ವರ್ಷ ಚಳಿಗಾಲದ ನಿದ್ದೆ ಬೇಕು. ಮೈಸೂರು ಇರುವುದು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿ. ಜನವರಿಯ ರಾತ್ರಿಯಲ್ಲೂ ಇಲ್ಲಿ ಸಾಮಾನ್ಯವಾಗಿ 15–16 ಡಿಗ್ರಿ ಇರುತ್ತದೆ. ಬೀಜವನ್ನು ಫ್ರಿಜ್ಜಿನಲ್ಲಿಟ್ಟು ಮೊಳೆಸಬಹುದು. ಏಪ್ರಿಲ್ ಬಂದಾಗ ಇಡೀ ಗಿಡವನ್ನು ಎಲ್ಲಿಡುತ್ತೀರಿ? ಆ ಆಸೆ ಬಿಟ್ಟು ಅಗ್ನಿಶಿಖೆಗೆ ಬನ್ನಿ. ಗೆಡ್ಡೆಯಿಂದ ಬರುವ, ವಿಷವಿರುವ, ಬಣ್ಣಗಳಲ್ಲಿ ಆಟವಾಡುವ ಗಿಡವೇ ಬೇಕಿದ್ದರೆ ನಮ್ಮ ಬೇಲಿಯಲ್ಲೇ ಇದೆ ಅಲ್ವಾ?

ವಿಷದ ಮಾತು ಬಂದಿದ್ದಕ್ಕೆ ಒಂದು ಎಚ್ಚರಿಕೆ. ಅಗ್ನಿಶಿಖೆಯ ಎಲ್ಲ ಭಾಗದಲ್ಲೂ ಕಾಲ್ಚಿಸಿನ್ ಎಂಬ ವಿಷ ಇದೆ. ಗೆಡ್ಡೆ ಮತ್ತು ಬೀಜದಲ್ಲಿ ಜಾಸ್ತಿ. ಗೆಡ್ಡೆ ಅಗೆಯುವಾಗ, ಕತ್ತರಿಸುವಾಗ ಕೈಗವಸು ಹಾಕಿಕೊಳ್ಳಿ. ಕೆಲಸ ಮುಗಿದ ಮೇಲೆ ಕೈ, ಚಾಕು ಎರಡನ್ನೂ ಸೋಪು ಹಾಕಿ ತೊಳೆಯಿರಿ.

ಹೇಳಿದ ಬಣ್ಣ ಒಂದು, ಬಂದ ಬಣ್ಣ ಇನ್ನೊಂದು

"ಹಳ್ದಿ ಅಂತ ಕೊಟ್ಟವ್ರೆ ಕಣಕ್ಕಾ, ನೋಡುದ್ರೆ ಕೆಂಪ್ಗೆ ಬುಟ್ಟದೆ." ಮಂಡ್ಯದ ಕಡೆಯಿಂದ ನನಗೆ ಬರುವ ಫೋನುಗಳಲ್ಲಿ ಈ ದೂರೇ ಜಾಸ್ತಿ. ನಾನು ಕೇಳುವುದು ಒಂದೇ ಪ್ರಶ್ನೆ: ಅರಳಿ ಎಷ್ಟು ದಿವಸ ಆಯ್ತು?

ಯಾಕೆಂದರೆ ಬೇಲಿಯ ಸಾಮಾನ್ಯ ಅಗ್ನಿಶಿಖೆಯೂ ಮೊದಲು ಹಳದಿಯೇ. ಮೊಗ್ಗು ಬಿಚ್ಚುವಾಗ ಎಸಳು ಹಸಿರು ಬೆರೆತ ಹಳದಿ. ಮಾರನೆಯ ದಿನದ ಹೊತ್ತಿಗೆ ತುದಿಗೆ ಕಿತ್ತಳೆ ಹತ್ತುತ್ತದೆ. ಆಮೇಲೆ ಕೆಂಪು ಮೇಲಿನಿಂದ ಬುಡದ ಕಡೆಗೆ ಇಳಿಯುತ್ತಾ ಬರುತ್ತದೆ. ನಾಲ್ಕೈದು ದಿನದಲ್ಲಿ ಇಡೀ ಹೂ ಕೆಂಪು, ಬಾಡುವ ಮುಂಚೆ ಕಡುಗೆಂಪು. ಒಂದೇ ಬಳ್ಳಿಯಲ್ಲಿ ಮೇಲಿನ ಹೂ ಹಳದಿ, ಕೆಳಗಿನದು ಕೆಂಪು ಇರುವುದು ಇದಕ್ಕೇ. ಮೊದಲ ದಿನದ ಹೂವಿನ ಫೋಟೋ ತೆಗೆದು "ಹಳದಿ ತಳಿ" ಅಂತ ಮಾರುವುದು ಸುಲಭ. ಮಾರುವವರಲ್ಲಿ ಎಲ್ಲರೂ ಬೇಕೆಂದೇ ಮೋಸ ಮಾಡುತ್ತಾರೆ ಅನ್ನಲಾರೆ. ಕೆಲವರು ತಾವೇ ಮೊದಲ ದಿನ ನೋಡಿ ನಂಬಿರುತ್ತಾರೆ.

ಪರೀಕ್ಷೆ ಸುಲಭ. ಇವತ್ತು ಅರಳಿದ ಒಂದು ಹೂವಿನ ತೊಟ್ಟಿಗೆ ದಾರ ಕಟ್ಟಿ. ದಿನಾ ಬೆಳಿಗ್ಗೆ ಅದನ್ನೇ ನೋಡಿ, ಸಾಧ್ಯವಾದರೆ ಫೋಟೋ ತೆಗೆದಿಡಿ. ನಿಜವಾದ ಲುಟಿಯಾ ಬಾಡುವವರೆಗೂ ಹಳದಿಯೇ ಇರುತ್ತದೆ, ಕೊನೆಗೆ ಸ್ವಲ್ಪ ಪೇಲವ ಆಗಬಹುದು ಅಷ್ಟೆ. ಐದನೇ ದಿನಕ್ಕೆ ತುದಿಯಲ್ಲಿ ಕೆಂಪು ಕಂಡರೆ ಅದು ಲುಟಿಯಾ ಅಲ್ಲ. ರಾಥ್‌ಚೈಲ್ಡಿಯಾನಾ ಇದಕ್ಕೆ ತಿರುಗುಮುರುಗು. ಅದು ಅರಳುವಾಗಲೇ ಕೆಂಪಾಗಿರುತ್ತದೆ, ಅಂಚು ಮತ್ತು ಬುಡ ಮಾತ್ರ ಹಳದಿ. ಎಸಳಿನ ಆಕಾರವನ್ನೂ ನೋಡಿ. ನಮ್ಮ ಬೇಲಿಯ ಹೂವಿನ ಎಸಳು ಕಿರಿದು, ಅಂಚು ಪೂರ್ತಿ ಸುಕ್ಕುಸುಕ್ಕು. ರಾಥ್‌ಚೈಲ್ಡಿಯಾನಾದ ಎಸಳು ಅಗಲ, ಸುಕ್ಕು ಕಡಿಮೆ. ಗೆಡ್ಡೆ ನೋಡಿ ಬಣ್ಣ ಹೇಳುತ್ತೇನೆ ಅನ್ನುವವರ ಮಾತು ಮಾತ್ರ ನಂಬಬೇಡಿ. ಎಲ್ಲ ಗೆಡ್ಡೆಯೂ ನೋಡುವುದಕ್ಕೆ ಒಂದೇ.

ಇನ್ನೊಂದು ದೂರು ಸ್ವಲ್ಪ ಸಿಕ್ಕಿನದು. ಹೋದ ವರ್ಷ ಅಪ್ಪಟ ಹಳದಿ ಬಿಟ್ಟಿತ್ತು, ದಾರ ಕಟ್ಟಿಯೂ ನೋಡಿದ್ದರು, ಈ ವರ್ಷ ಅದೇ ಕುಂಡದಲ್ಲಿ ಕೆಂಪು. ಗಿಡ ತನ್ನ ಹಳೆಯ ಬಣ್ಣಕ್ಕೆ ಮರಳಿತು ಅಂದುಕೊಳ್ಳುವ ಮುಂಚೆ ಕುಂಡದ ಮಣ್ಣು ಎಲ್ಲಿಂದ ಬಂತು ಅಂತ ಯೋಚಿಸಿ. ಹಿತ್ತಲಿನ ಮಣ್ಣಾದರೆ ಅದರಲ್ಲಿ ಬೇಲಿ ಅಗ್ನಿಶಿಖೆಯ ಬೆರಳುದ್ದದ ಗೆಡ್ಡೆಚೂರು ಇದ್ದಿರಬಹುದು. ಕಣ್ಣಿರುವ ಚೂರಾದರೆ ಒಂದೆರಡು ವರ್ಷ ಸುಮ್ನೆ ಎಲೆ ಮಾತ್ರ ಬಿಟ್ಟುಕೊಂಡು ಇರುತ್ತದೆ, ದಪ್ಪವಾದ ಮೇಲೆ ಹೂ ಬಿಡುತ್ತದೆ. ಅಷ್ಟರಲ್ಲಿ ಹಳದಿಯ ಗೆಡ್ಡೆ ಕೊಳೆತು ಹೋಗಿದ್ದರೆ ನಿಮ್ಮ ಕಣ್ಣಿಗೆ ಬೀಳುವುದು ಬಣ್ಣ ಬದಲಾದ ಹಾಗೆ. ಬಳ್ಳಿ ಒಣಗಿದ ಮೇಲೆ ಮಣ್ಣನ್ನೆಲ್ಲ ಸುರಿದು, ಜರಡಿ ಹಿಡಿದು ನೋಡಿದರೆ ವಿಷಯ ಬಯಲಾಗುತ್ತದೆ.

ಬೀಜದಿಂದ ಬೆಳೆದವರಿಗೆ ಬೇರೆಯೇ ಕಥೆ. ಈ ಹೂವಿನ ಶಲಾಕೆ, ಅಂದರೆ ತುದಿಯಲ್ಲಿ ಪರಾಗ ಹಿಡಿಯುವ ಹೆಣ್ಣುಭಾಗದ ಕಡ್ಡಿ, ಬುಡದಲ್ಲೇ ಪಕ್ಕಕ್ಕೆ ಮಡಚಿಕೊಂಡಿರುತ್ತದೆ. ಹಾಗಾಗಿ ಸ್ವಂತ ಪರಾಗ ಅದಕ್ಕೆ ಸುಲಭವಾಗಿ ತಾಗುವುದಿಲ್ಲ. ತಮಿಳುನಾಡಿನಲ್ಲಿ ಔಷಧಿ ಬೀಜಕ್ಕಾಗಿ ಇದನ್ನು ಹೊಲದಲ್ಲಿ ಬೆಳೆಯುವ ರೈತರು ಬೆಳಿಗ್ಗೆ ಹೊತ್ತು ಕೈಯಲ್ಲೇ ಪರಾಗ ಮುಟ್ಟಿಸುತ್ತಾರೆ. ನಿಮ್ಮ ತೋಟದಲ್ಲಿ ಆ ಕೆಲಸ ಚಿಟ್ಟೆ, ಸೂರಕ್ಕಿಗಳದ್ದು, ಅವು ತಳಿ ನೋಡಿಕೊಂಡು ಕೂರುವುದಿಲ್ಲ. ಈ ಬಣ್ಣಗಳೆಲ್ಲ ಒಂದೇ ಜಾತಿಯೊಳಗಿನವು, ಒಂದರ ಜೊತೆ ಒಂದು ಬೆರೆಯುತ್ತವೆ. ಲುಟಿಯಾದ ಕಾಯಿಯಿಂದ ಬಂದ ಸಸಿ ಲುಟಿಯಾನೇ ಆಗಬೇಕು ಅಂತೇನಿಲ್ಲ. ಅದು ಗೊತ್ತಾಗುವುದಕ್ಕೂ ಮೂರು ನಾಲ್ಕು ವರ್ಷ ಕಾಯಬೇಕು. ಬಣ್ಣ ಗ್ಯಾರಂಟಿ ಬೇಕಿದ್ದರೆ ಹೂ ಬಿಟ್ಟು ತೋರಿಸಿದ ಬಳ್ಳಿಯ ಗೆಡ್ಡೆಯನ್ನೇ ತನ್ನಿ. ಒಣಗಿದ ಹೂವನ್ನು ಕಾಯಿ ಕಟ್ಟುವ ಮುಂಚೆ ಚಿವುಟಿ. ಬೀಜ ಉದುರಿ ಗೊಂದಲ ಆಗುವುದೂ ತಪ್ಪುತ್ತದೆ, ಗೆಡ್ಡೆಯೂ ದಪ್ಪವಾಗುತ್ತದೆ.

ಬಣ್ಣ ಹೇಳಿದ್ದೇ ಬಂದಿದೆ, ಆದರೆ ಪೇಲವ ಅನ್ನಿಸಿದರೆ ಬಿಸಿಲು ನೋಡಿ. ಪೂರ್ತಿ ನೆರಳಿನಲ್ಲಿ ಕೆಂಪು ಗಾಢವಾಗುವುದಿಲ್ಲ. ಬೆಳಗಿನ ಬಿಸಿಲು ಬಳ್ಳಿಯ ಮೇಲ್ಭಾಗಕ್ಕೆ ಬೀಳಬೇಕು, ಬುಡ ಮಾತ್ರ ತಂಪಾಗಿರಬೇಕು. ಪಟಿಕ ಹಾಕಿದರೆ ಬಣ್ಣ ಬದಲಾಗುತ್ತದೆ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಅದು ಹೈಡ್ರಾಂಜಿಯದ ವಿಷಯ. ಅಗ್ನಿಶಿಖೆಯ ಬಣ್ಣ ಮಣ್ಣಿನ ಹುಳಿ ನೋಡಿ ಬದಲಾಗುವುದಿಲ್ಲ.

ಗೆಡ್ಡೆ ಏಳುತ್ತಲೇ ಇಲ್ಲ

ತಿಂಗಳು ನೋಡಿ. ಈ ಗೆಡ್ಡೆ ದೀಪಾವಳಿ ಕಳೆದ ಮೇಲೆ ಮಲಗುತ್ತದೆ, ಏಪ್ರಿಲ್ ಮೇ ತಿಂಗಳ ಮಳೆ ಬಿದ್ದ ಮೇಲೆ ಏಳುತ್ತದೆ. ಆನ್‌ಲೈನ್‌ನಲ್ಲಿ ಡಿಸೆಂಬರಿನಲ್ಲಿ ಬಂದ ಗೆಡ್ಡೆಯನ್ನು ಅವತ್ತೇ ನೆಟ್ಟು ದಿನಾ ನೀರು ಹಾಕಿದರೆ ಅದು ಏಳುವುದಿಲ್ಲ, ಕೊಳೆಯುತ್ತದೆ. ಯುಗಾದಿವರೆಗೆ ಒಣ ಮರಳಿನಲ್ಲಿ ಇಟ್ಟುಕೊಂಡಿರಿ.

ಮೇ ಕಳೆದು ಜೂನ್ ನಡುವಾದರೂ ಏಳದಿದ್ದರೆ ಮೆಲ್ಲಗೆ ಮಣ್ಣು ಸರಿಸಿ ಗೆಡ್ಡೆ ನೋಡಿ. ಇದರ ಗೆಡ್ಡೆ ಸಾಮಾನ್ಯವಾಗಿ ಎರಡು ಕೈಯಿನ ಕವಲು. ಒಂದೊಂದು ಕೈಯ ತುದಿಯಲ್ಲಿ ಒಂದೇ ಒಂದು ಕಣ್ಣು. ಆಲೂಗೆಡ್ಡೆಯಂತೆ ಮೈತುಂಬ ಕಣ್ಣಿಲ್ಲ. ಕೊರಿಯರಿನಲ್ಲಿ ಬರುವಾಗಲೋ ಅಗೆಯುವಾಗ ಗುದ್ದಲಿ ತಾಗಿಯೋ ಆ ತುದಿ ಮುರಿದಿದ್ದರೆ ಗೆಡ್ಡೆ ಎಷ್ಟೇ ದಪ್ಪ ಇದ್ದರೂ, ಗಟ್ಟಿ ಇದ್ದರೂ, ಆ ಕೈಯಿಂದ ಕುಡಿ ಬರುವುದಿಲ್ಲ. ಗೆಡ್ಡೆ ಕೊಳ್ಳುವಾಗ ದಪ್ಪ ನೋಡುವುದಕ್ಕಿಂತ ಮೊದಲು ತುದಿ ನೋಡಿ. ಕವಲನ್ನು ಕತ್ತರಿಸಿ ಎರಡು ಮಾಡುವವರೂ ಇದನ್ನು ನೆನಪಿಟ್ಟುಕೊಳ್ಳಿ: ಕಣ್ಣಿಲ್ಲದ ಚೂರು ದಂಡ.

ಗೆಡ್ಡೆಯನ್ನು ಬೆರಳಲ್ಲಿ ಒತ್ತಿ. ಗಟ್ಟಿಯಾಗಿದ್ದು, ಉಗುರಿನಿಂದ ಗೀರಿದರೆ ಒಳಗೆ ಬಿಳಿ ಕಂಡರೆ ಜೀವ ಇದೆ. ಮತ್ತೆ ಮುಚ್ಚಿ, ಕಾಯಿರಿ. ಮೆತ್ತಗಾಗಿ, ಕಂದು ನೀರು ಬಂದು, ವಾಸನೆ ಹೊಡೆದರೆ ಮುಗಿಯಿತು. ಆ ಮಣ್ಣನ್ನೂ ಬಿಸಾಕಿ.

ಕೊಳೆಯುವುದಕ್ಕೆ ಮೈಸೂರಿಗೂ ಮಂಡ್ಯಕ್ಕೂ ಕಾರಣ ಬೇರೆ ಬೇರೆ. ಮೈಸೂರಿನ ಟೆರೇಸುಗಳಲ್ಲಿ ಕುಂಡದ ಮಿಶ್ರಣವೇ ದೋಷ. ತೆಂಗಿನ ನಾರಿನ ಪುಡಿ ಜಾಸ್ತಿ ಹಾಕಿದ ಕುಂಡ ಮೇಲೆ ಒಣಗಿದ ಹಾಗೆ ಕಾಣುತ್ತದೆ, ಕೆಳಗೆ ಪಚಪಚ ಅನ್ನುತ್ತಿರುತ್ತದೆ. ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ದಪ್ಪ ಮರಳು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಜೊತೆಗೆ ಒಂದು ಹಿಡಿ ಬೇವಿನ ಹಿಂಡಿ ಸಾಕು. ಕುಂಡ ಒಂದಡಿಗಿಂತ ಆಳ ಇರಲಿ. ಗೆಡ್ಡೆಯನ್ನು ಅಡ್ಡಡ್ಡ ಮಲಗಿಸಿ, ಮೇಲೆ ಮೂರು ಇಂಚಿನಷ್ಟು ಮಣ್ಣು ಮುಚ್ಚಿ.

ಮಂಡ್ಯದ ಕಡೆ ತೊಂದರೆ ಕೆಳಗಿನಿಂದ ಬರುತ್ತದೆ. ನಾಲೆಗೆ ನೀರು ಬಿಟ್ಟು, ಸುತ್ತ ಗದ್ದೆ ತುಂಬಿದರೆ, ತಗ್ಗಿನ ಹಿತ್ತಲಿನಲ್ಲಿ ತೇವ ತಾನಾಗಿಯೇ ಮೇಲೇರುತ್ತದೆ. ನೀವು ಒಂದು ಚೊಂಬು ನೀರು ಹಾಕದಿದ್ದರೂ ಗೆಡ್ಡೆ ನೆನೆಯುತ್ತಿರುತ್ತದೆ. ಬಳ್ಳಿ ಮೊಣಕಾಲೆತ್ತರ ಬಂದು, ಒಂದು ಮಧ್ಯಾಹ್ನ ಇದ್ದಕ್ಕಿದ್ದ ಹಾಗೆ ಜೋತುಬಿದ್ದು, ಬುಡ ಹಿಡಿದೆಳೆದರೆ ಕಿತ್ತುಕೊಂಡು ಬಂದರೆ ಇದೇ ಕಾರಣ ಅಂದುಕೊಳ್ಳಿ. ಬುಡದಲ್ಲಿ ಬಿಳಿ ದಾರದಂಥ ಬೂಷ್ಟು, ಸಾಸಿವೆಯಷ್ಟು ಕಂದು ಕಾಳು ಕಂಡರೆ ಅದು ಬುಡಕೊಳೆ ರೋಗ. ಆ ಬಳ್ಳಿ ಉಳಿಯುವುದಿಲ್ಲ. ಬುಡದ ಮಣ್ಣು ಸಮೇತ ತೆಗೆದುಬಿಡಿ. ಉಳಿದವನ್ನು ಮುಂದಿನ ವರ್ಷ ಒಂದಡಿ ಎತ್ತರದ ಏರುಮಡಿಯಲ್ಲಿ ನೆಡಿ. ಗೊಬ್ಬರಕ್ಕೆ ಟ್ರೈಕೋಡರ್ಮಾ (ಕೊಳೆ ರೋಗವನ್ನು ತಡೆಯುವ ಒಳ್ಳೆಯ ಶಿಲೀಂಧ್ರ) ಬೆರೆಸಿ ಕೊಡಿ. ಎರೆಮಣ್ಣಿನ ಜಾಗವಾದರೆ ನೆಲದ ಆಸೆ ಬಿಟ್ಟು ಕುಂಡಕ್ಕೆ ಬನ್ನಿ.

ಕುಡಿ ಬಂತು, ಅಲ್ಲಿಗೇ ನಿಂತಿತು

ತುದಿ ಮುರಿದಿದೆಯಾ ನೋಡಿ. ಆಷಾಢದ ಗಾಳಿಗೆ ಆಸರೆಯಿಲ್ಲದ ಕುಡಿ ಮುರಿಯುವುದು ಮಾಮೂಲು. ನೆಲಮಟ್ಟದಲ್ಲಿ ಮುರಿದರೆ ಆ ವರ್ಷದ ಬಳ್ಳಿ ಬಹುಮಟ್ಟಿಗೆ ಹೋದಂತೆಯೇ. ಕವಲಿನ ಇನ್ನೊಂದು ಕಣ್ಣು ಎದ್ದರೆ ನಿಮ್ಮ ಪುಣ್ಯ.

ಆಸರೆ ಕೊಟ್ಟಿದ್ದೇವಲ್ಲ, ಬಿದಿರು ನೆಟ್ಟಿದ್ದೇವಲ್ಲ ಅನ್ನುತ್ತಾರೆ. ದೋಷ ಆ ಬಿದಿರಿನಲ್ಲೇ ಇದೆ. ಈ ಬಳ್ಳಿ ಅವರೆ ಬಳ್ಳಿಯ ಹಾಗೆ ಕೋಲಿಗೆ ಸುತ್ತಿಕೊಂಡು ಹತ್ತುವುದಿಲ್ಲ. ಇದರ ಎಲೆಯ ತುದಿಯೇ ಸುರುಳಿಯಾಗಿ ಹಿಡಿದುಕೊಳ್ಳುತ್ತದೆ. ಆ ಪುಟ್ಟ ಸುರುಳಿಗೆ ಹೆಬ್ಬೆರಳಿನ ದಪ್ಪದ ಕೋಲು ಸಿಗುವುದಿಲ್ಲ. ಪೆನ್ಸಿಲ್ಲಿಗಿಂತ ತೆಳುವಾದ ಒಣ ಕಡ್ಡಿ, ಸೆಣಬಿನ ದಾರ, ಕೋಳಿ ಬಲೆ, ಯಾವುದಾದರೂ ಆಗುತ್ತದೆ. ಕವಲುಕವಲಾಗಿರುವ ಒಣ ಬಂದರಿಕೆ ಕಡ್ಡಿ ಸಿಕ್ಕರೆ ಎಲ್ಲಕ್ಕಿಂತ ಒಳ್ಳೆಯದು. ಆಸರೆಯನ್ನು ನೆಡುವ ದಿನವೇ ಕೊಡಿ, ಆಮೇಲೆ ಚುಚ್ಚಿದರೆ ಗೆಡ್ಡೆಗೇ ತಾಗುತ್ತದೆ.

ಎಲೆ ಹಳದಿ, ಎಲೆ ತೂತು

ಹೊಸ ಎಲೆ ಹಳದಿ, ನರ ಮಾತ್ರ ಹಸಿರು ಅಂದರೆ ಕಬ್ಬಿಣದ ಕೊರತೆ. ಗಡಸು ಬೋರ್ ನೀರು ಹಾಕುವ ಕುಂಡಗಳಲ್ಲಿ ಇದು ಜಾಸ್ತಿ. ಕುಂಡದ ಅಂಚಿಗೆ ಬಿಳಿ ಸುಣ್ಣದಂತೆ ಕಟ್ಟಿದ್ದರೆ ಅನುಮಾನವೇ ಬೇಡ. ಮಣ್ಣು ಕ್ಷಾರವಾದಾಗ ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ. ಲೀಟರ್ ನೀರಿಗೆ 2 ಗ್ರಾಂ ಫೆರಸ್ ಸಲ್ಫೇಟ್, ನಾಲ್ಕು ಹನಿ ನಿಂಬೆರಸ ಹಾಕಿ ಸಂಜೆ ಎಲೆಗೆ ಸಿಂಪಡಿಸಿ. ಮಳೆನೀರು ಹಿಡಿದಿಟ್ಟುಕೊಂಡು ಹಾಕಿದರೆ ಈ ತೊಂದರೆ ಮತ್ತೆ ಬರುವುದೇ ಕಡಿಮೆ.

ಹಳೆಯ ಎಲೆ ಕೆಳಗಿನಿಂದ ಹಳದಿಯಾಗುತ್ತಿದ್ದು ದಸರಾ ಕಳೆದಿದ್ದರೆ ಏನೂ ಮಾಡಬೇಡಿ. ಅದು ಮಲಗುವ ತಯಾರಿ.

ಮಳೆಗಾಲದಲ್ಲಿ ಎಲೆಯ ಮೇಲೆ ಉಂಗುರ ಉಂಗುರವಾದ ಕಂದು ಚುಕ್ಕೆ, ಸುತ್ತ ಹಳದಿ ಅಂಚು ಕಂಡರೆ ಎಲೆಚುಕ್ಕೆ ರೋಗ. ಮೈಸೂರಿನಲ್ಲಿ ಸೆಪ್ಟೆಂಬರ್, ಅಕ್ಟೋಬರಿನ ಮಳೆಗೆ ಇದು ಏರುತ್ತದೆ. ಆ ಎಲೆಗಳನ್ನು ಕಿತ್ತು ಸುಡಿ. ಹರಡುತ್ತಿದ್ದರೆ ಲೀಟರಿಗೆ 2 ಗ್ರಾಂ ಮ್ಯಾಂಕೋಜೆಬ್ ಎಂಬ ಶಿಲೀಂಧ್ರನಾಶಕ ಸಿಂಪಡಿಸಿ.

ತೂತಿನ ವಿಷಯಕ್ಕೆ ಬಂದರೆ, ಇಷ್ಟು ವಿಷದ ಗಿಡವನ್ನು ಯಾವ ಹುಳ ತಿನ್ನುತ್ತದೆ ಅಂತ ಆಶ್ಚರ್ಯ ಆಗಬಹುದು. ಒಂದು ಹುಳ ಇದೆ. ಕಪ್ಪು ಮೈ, ಬಿಳಿ ಚುಕ್ಕೆ, ನಡುವೆ ಕಿತ್ತಳೆ ಕೆಂಪಿನ ಮಚ್ಚೆ. ಹೆಸರಲ್ಲೇ ಗ್ಲೋರಿಯೋಸಾ ಇರುವ ಪಾಲಿಟೆಲಾ ಗ್ಲೋರಿಯೋಸೆ ಎಂಬ ಪತಂಗದ ಮರಿ ಅದು. ಗುಂಪಾಗಿ ಬಂದರೆ ಎರಡು ದಿನದಲ್ಲಿ ಬಳ್ಳಿಯನ್ನು ಬರೀ ಕಡ್ಡಿ ಮಾಡುತ್ತದೆ. ಬೆಳಿಗ್ಗೆ ಬೇಗ ಎದ್ದು ಎಲೆಯ ಹಿಂದೆ ನೋಡಿ, ಆರಿಸಿ ಸೋಪಿನ ನೀರಿಗೆ ಹಾಕಿ. ಜಾಸ್ತಿ ಇದ್ದರೆ ಲೀಟರಿಗೆ 5 ಮಿಲಿ ಬೇವಿನೆಣ್ಣೆ, ಸ್ವಲ್ಪ ಸೋಪು ಸೇರಿಸಿ ಸಂಜೆ ಹೊಡೆಯಿರಿ. ಆರಿಸಿದರೂ ಮತ್ತೆ ಮತ್ತೆ ಬರುತ್ತಿದ್ದರೆ ಪಕ್ಕದ ಲಿಲ್ಲಿ ಗಿಡಗಳನ್ನು ನೋಡಿ. ಸುಖದರ್ಶನ, ಸ್ಪೈಡರ್ ಲಿಲ್ಲಿಗಳೂ ಇದರ ಊಟವೇ. ನಿಮ್ಮ ಅಗ್ನಿಶಿಖೆಯ ಹುಳವನ್ನೆಲ್ಲ ಆರಿಸಿಯಾಗಿದ್ದು ಕಾಂಪೌಂಡಿನ ಆಚೆ ಸ್ಪೈಡರ್ ಲಿಲ್ಲಿಯ ಸಾಲು ಇದ್ದರೆ ಹುಳ ಅಲ್ಲಿಂದ ಬರುತ್ತಿದೆ. ಪಕ್ಕದ ಮನೆಯವರ ಹತ್ತಿರ ಮಾತಾಡದೆ ಬೇರೆ ದಾರಿಯಿಲ್ಲ.

ಬಳ್ಳಿ ಚೆನ್ನಾಗಿದೆ, ಹೂ ಇಲ್ಲ

ಹೆಚ್ಚಿನ ಸಲ ಗೆಡ್ಡೆ ಚಿಕ್ಕದು. ಹೂ ಬಿಡುವುದಕ್ಕೆ ಗೆಡ್ಡೆ ಸುಮಾರು 50 ಗ್ರಾಂ ಆದರೂ ತೂಗಬೇಕು. ಅಪರೂಪದ ಬಣ್ಣ ಅಂತ ದುಬಾರಿಗೆ ಮಾರುವ ಗೆಡ್ಡೆಗಳು ಎಷ್ಟೋ ಸಲ ಪೆನ್ನಿನಷ್ಟು ಸಣಕಲು ಇರುತ್ತವೆ. ಅದಕ್ಕೆ ಒಂದು ವರ್ಷ ಎಲೆ ಬಿಟ್ಟು ದಪ್ಪವಾಗಲು ಬಿಡಿ. ಗೆಡ್ಡೆ ದಪ್ಪವಿದ್ದೂ ಹೂ ಇಲ್ಲ ಅಂದರೆ ನೆರಳು ಅಥವಾ ಯೂರಿಯಾ. ಸಾರಜನಕ ಜಾಸ್ತಿಯಾದ ಬಳ್ಳಿ ಕಡುಹಸಿರಾಗಿ, ಉದ್ದಕ್ಕೆ ಹೋಗುತ್ತಲೇ ಇರುತ್ತದೆ. ಗೊಬ್ಬರ ನಿಲ್ಲಿಸಿ, ಮೊಗ್ಗಿನ ಹೊತ್ತಿಗೆ ಒಂದು ಹಿಡಿ ಒಲೆಬೂದಿ ಕೊಡಿ. ನೀರು ಮೊದಲೇ ಗಡಸಾಗಿದ್ದರೆ ಬೂದಿ ಬೇಡ, ಸ್ವಲ್ಪ ಪೊಟ್ಯಾಷ್ ಹಾಕಿ.

ಒಣಗಿದ ಮೇಲೆ

ನವೆಂಬರಿನಲ್ಲಿ ಬಳ್ಳಿ ಪೂರ್ತಿ ಒಣಗುತ್ತದೆ. ಅಗೆದು ನೋಡಿದವರು ಹಳೆಯ ಗೆಡ್ಡೆ ಸುಕ್ಕಾಗಿ ಸಿಪ್ಪೆಯಂತಾಗಿರುವುದನ್ನು ಕಂಡು ಕೊಳೆ ರೋಗ ಅಂತ ಹೆದರುತ್ತಾರೆ. ಪಕ್ಕದಲ್ಲೇ ಬೆಳ್ಳಗೆ, ಗಟ್ಟಿಯಾಗಿ ಹೊಸ ಕವಲು ಇದ್ದರೆ ಎಲ್ಲ ಸರಿಯಿದೆ ಅಂತ ಅರ್ಥ. ಪ್ರತಿ ವರ್ಷ ಹಳೆಯದು ಬತ್ತಿ ಹೊಸದು ಹುಟ್ಟುತ್ತದೆ. ಕುಂಡದಲ್ಲಿದ್ದರೆ ಅಗೆಯದೆ, ಕುಂಡವನ್ನೇ ಮಳೆ ತಾಗದ ಮೂಲೆಗೆ ಸರಿಸಿ ನೀರು ನಿಲ್ಲಿಸಿದರೂ ನಡೆಯುತ್ತದೆ. ನೆಲದಲ್ಲಿದ್ದು ಆ ಜಾಗಕ್ಕೆ ಬೇಸಿಗೆಯಲ್ಲಿ ತರಕಾರಿಗೆ ಅಂತ ನೀರು ಹಾಯಿಸುವವರು ಮಾತ್ರ ಅಗೆದು ತೆಗೆಯಲೇಬೇಕು.

ತೆಗೆದ ಗೆಡ್ಡೆಯನ್ನು ನೆರಳಲ್ಲಿ ಒಂದು ವಾರ ಆರಿಸಿ, ಒಣ ಮರಳಿನ ಡಬ್ಬಿಯಲ್ಲಿಡಿ. ಒಂದೊಂದು ಬಣ್ಣಕ್ಕೂ ಬೇರೆ ಡಬ್ಬಿ, ಮೇಲೆ ಹೆಸರು. ದಾರ ಕಟ್ಟಿ ಪರೀಕ್ಷೆ ಮಾಡಿದ ಬಳ್ಳಿಯ ಗೆಡ್ಡೆಗೆ ಬೇರೆ ಗುರುತು ಹಾಕಿ. ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ ವಿಷ ಅಂತಲೂ ಬರೆಯಿರಿ, ಅಡುಗೆಮನೆ ಕಡೆಗೆ ಮಾತ್ರ ತರಬೇಡಿ. ಇದು ಅತಿ ಜಾಗ್ರತೆ ಅಲ್ಲ. ಗೆಡ್ಡೆ ಹೊರಗಿರುವ ತಿಂಗಳುಗಳಲ್ಲೇ ಸಂಕ್ರಾಂತಿ ಬರುತ್ತದೆ, ಮನೆಯಲ್ಲಿ ಬೇಯಿಸುವುದಕ್ಕೆ ಗೆಣಸು ತಂದಿರುತ್ತೀರಿ. ಮಣ್ಣು ಮೆತ್ತಿದ ಎರಡನ್ನೂ ಪಕ್ಕಪಕ್ಕ ಇಟ್ಟರೆ ಗೊತ್ತಿಲ್ಲದವರು ಬೇರೆ ಮಾಡಲಾರರು. ಯಾರಾದರೂ ತಿಂದದ್ದು ಗೊತ್ತಾದರೆ ವಾಂತಿ ಭೇದಿ ಶುರುವಾಗಲಿ ಅಂತ ಕಾಯಬೇಡಿ, ಅದು ಕಾಣಿಸಿಕೊಳ್ಳುವುದಕ್ಕೆ ಕೆಲವು ಗಂಟೆ ಹಿಡಿಯಬಹುದು. ಮನೆಮದ್ದು ಮಾಡದೆ, ಉಳಿದ ಗೆಡ್ಡೆಯ ಚೂರನ್ನು ಜೊತೆಗೆ ತೆಗೆದುಕೊಂಡು ತಕ್ಷಣ ದೊಡ್ಡ ಆಸ್ಪತ್ರೆಗೆ ಹೋಗಿ, ತಿಂದದ್ದು ಅಗ್ನಿಶಿಖೆ ಅಂತ ವೈದ್ಯರಿಗೆ ಮೊದಲೇ ಹೇಳಿ.